ರೋಡ್ ಬೈಕ್ ಕೊಳ್ಳುವ ಮುನ್ನ ಟೈರ್ ನೋಡಿ, ಬೆಸುಗೆ ನೋಡಿ

ನಂಜನಗೂಡಿನಿಂದ ಸುತ್ತೂರಿನ ಮೇಲೆ ತಿ. ನರಸೀಪುರಕ್ಕೆ ಹೋಗುವಾಗ ಸುಗ್ಗಿಯ ದಿನಗಳಲ್ಲಿ ಅರ್ಧ ರಸ್ತೆಯೇ ಕಣ. ಹುರುಳಿ, ರಾಗಿ ಹರವಿರುತ್ತಾರೆ. ಉಳಿದರ್ಧಕ್ಕೆ ಕಬ್ಬಿನ ಟ್ರ್ಯಾಕ್ಟರ್. ರೋಡ್ ಬೈಕ್ ಕೊಳ್ಳಲು ಮೈಸೂರಿಗೆ ಹೊರಡುವವರು ಈ ದಾರಿಯನ್ನು ತಲೆಯಲ್ಲಿಟ್ಟುಕೊಂಡೇ ಅಂಗಡಿ ಹೊಗಬೇಕು.

ಐವತ್ತರಿಂದ ಎಂಬತ್ತು ಸಾವಿರದೊಳಗಿನ ಅಲ್ಯೂಮಿನಿಯಂ ಸೈಕಲ್ಲನ್ನು ಎಲ್ಲರೂ ಮೊದಲು ಎತ್ತಿ ನೋಡುತ್ತಾರೆ. ನಾನು ಟೈರಿನ ಅಗಲ ಕೇಳುತ್ತೇನೆ. 25 ಮಿ.ಮೀ. ಟೈರು ಮೈಸೂರು ಹೆದ್ದಾರಿಗೆ ಸಾಕು. ಹಳ್ಳಿದಾರಿಗೆ 28 ಬೇಕು. 32 ಹಿಡಿಸುವ ಫ್ರೇಮ್ ಸಿಕ್ಕರೆ ಬಿಡಬೇಡಿ. ಅಗಲದ ಟೈರಿಗೆ ಗಾಳಿ ಕಡಿಮೆ ಹಾಕಬಹುದು, ಕುಲುಕು ಮಣಿಕಟ್ಟಿಗೆ ಅಷ್ಟಾಗಿ ಬಡಿಯುವುದಿಲ್ಲ.

ಇನ್ನು ಬೆಸುಗೆ. ಹಳೆಯ ಸ್ಟೀಲ್ ಸೈಕಲ್ಲಿನ ಫ್ರೇಮ್ ಮುರಿದರೆ ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆಸಿ ಸಂಜೆಗೆ ತುಳಿಯುತ್ತಿದ್ದರು. ಅಲ್ಯೂಮಿನಿಯಂಗೆ ಆ ಭಾಗ್ಯವಿಲ್ಲ. ಹೆಚ್ಚಾಗಿ ಬಳಸುವ 6061 ಮಿಶ್ರಲೋಹ ಬೆಸುಗೆಯ ಬಿಸಿ ತಾಗಿದಲ್ಲಿ ಮೆತ್ತಗಾಗುತ್ತದೆ. ಕಾರ್ಖಾನೆಯಲ್ಲಿ ಫ್ರೇಮನ್ನು ಮತ್ತೆ ಕಾಯಿಸಿ ಹದಕ್ಕೆ ತರುತ್ತಾರೆ. ಆ ಕುಲುಮೆ ನಮ್ಮ ಬೀದಿಯಲ್ಲಿಲ್ಲ. ಸಾಲದ್ದಕ್ಕೆ, ಸಣ್ಣ ಸಣ್ಣ ಕುಲುಕುಗಳೂ ವರ್ಷಗಟ್ಟಲೆ ಸೇರಿ ಈ ಲೋಹವನ್ನು ದಣಿಸುತ್ತವೆ. ಅದಕ್ಕೇ ಸೆಕೆಂಡ್ ಹ್ಯಾಂಡ್ ಆದರಂತೂ ಮೊಬೈಲ್ ಟಾರ್ಚ್ ಹಾಕಿ ಹ್ಯಾಂಡಲ್ ಕೆಳಗಿನ ಕೂಡು, ಪೆಡಲ್ ಅಚ್ಚಿನ ಸುತ್ತ, ಹಿಂಚಕ್ರ ಕೂರುವ ಜಾಗ ನೋಡಿ. ಬಣ್ಣದಲ್ಲಿ ಕೂದಲೆಳೆಯಷ್ಟು ಗೆರೆ ಕಂಡರೂ ಬೆಲೆ ಮಾತಾಡದೆ ಎದ್ದು ಬನ್ನಿ.

ಗೇರಿನ ವಿಷಯದಲ್ಲಿ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಶಿಮಾನೊ ಕ್ಲಾರಿಸ್‌ನಲ್ಲಿ ಹಿಂಚಕ್ರಕ್ಕೆ 8 ಗೇರ್, ಅದೇ ಕಂಪನಿಯ ಸೋರಾ ಗೇರ್ ಸೆಟ್ಟಿನಲ್ಲಿ 9. ಕಪಿಲಾ ನದಿಯ ಬಯಲಿಗೆ ಕ್ಲಾರಿಸ್ಸೇ ಧಾರಾಳ. ಚಾಮುಂಡಿ ಬೆಟ್ಟ ಹತ್ತುವ ಆಸೆಯಿದ್ದರೆ ಮುಂದಿನ ಚಿಕ್ಕ ಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೆ 32 ಇದೆಯೇ ಎಣಿಸಿ.

ತುಳಿದು ನೋಡದೆ ದುಡ್ಡು ಕೊಡಬೇಡಿ. ಪೆಡಲ್ ತೀರಾ ಕೆಳಗಿದ್ದಾಗ ಮಂಡಿ ತುಸು ಬಾಗಿರಲಿ. ಬ್ರೇಕ್ ಹಿಡಿದಾಗ ಮೊಣಕೈ ಸೆಟೆದರೆ ಆ ಫ್ರೇಮ್ ನಿಮಗೆ ಉದ್ದ; ಎಷ್ಟೇ ರಿಯಾಯಿತಿ ಕೊಟ್ಟರೂ ಅದು ಗಿಡ್ಡವಾಗದು.

ಟ್ಯೂಬಿನ ವಾಲ್ವ್ ಸಣ್ಣ ಮೂತಿಯ ಪ್ರೆಸ್ಟಾ ಆಗಿದ್ದರೆ ಊರಿನ ಪಂಕ್ಚರ್ ಅಂಗಡಿಯ ಪಂಪು ಕೂರುವುದಿಲ್ಲ. ಒಂದು ಹಿತ್ತಾಳೆ ಅಡಾಪ್ಟರ್, ಎರಡು ಟ್ಯೂಬ್, ಹಿಂದಿನ ಗೇರ್ ತೂಗುವ ಹ್ಯಾಂಗರ್ ಒಂದು, ಇಷ್ಟನ್ನೂ ಸೈಕಲ್ಲಿನ ಬಿಲ್ಲಿಗೇ ಸೇರಿಸಿಕೊಳ್ಳಿ. ಹ್ಯಾಂಗರ್ ಅದೇ ಮಾಡೆಲ್ಲಿನದೇ ಆಗಬೇಕು, ಇನ್ನೊಂದರದು ಕೂರುವುದಿಲ್ಲ.