ಎರರ್ ಬರಲಿಲ್ಲ ಎಂದರೆ ಕೋಡ್ ಸರಿಯಿದೆ ಎಂದೇ?

ಕಂಪೈಲರ್ ತಕರಾರು ಮಾಡಲಿಲ್ಲ, ಪ್ರೋಗ್ರಾಮ್ ಓಡಿತು, ಉತ್ತರವೂ ಬಂತು. ಹಾಗಾದರೆ ಕೋಡ್ ಸರಿಯಿದೆ ಎಂದು ಹೊಸದಾಗಿ ಕಲಿಯುವ ಹಲವರು ನಂಬುತ್ತಾರೆ. ಇದು ನಿಜವೇ?

ಒಂದು ಬೀದಿಯಲ್ಲಿ ಹತ್ತು ಮನೆಗಳಿದ್ದು, 0ಯಿಂದ 9ರವರೆಗೆ ಸಂಖ್ಯೆ ಹಾಕಿದೆ ಎಂದುಕೊಳ್ಳಿ. ಸಿ ಭಾಷೆಯ ಅರೇ ಇರುವುದೂ ಹೀಗೆಯೇ. ಹಾಲು ಹಾಕುವವರಿಗೆ "10ಕ್ಕಿಂತ ಮೊದಲೇ ನಿಲ್ಲಿಸಿ" ಎನ್ನುವ ಬದಲು "10ರವರೆಗೂ ಹಾಕಿ" ಎಂದರೆ, ಹನ್ನೊಂದನೆಯ ಪ್ಯಾಕೆಟ್ ಇನ್ಯಾರದೋ ಮನೆ ಸೇರುತ್ತದೆ. ಲೂಪ್ ಬರೆಯುವಾಗಲೂ ಇದೇ ತಪ್ಪಾಗುತ್ತದೆ. ಆಗ ಪ್ರೋಗ್ರಾಮ್ ಅರೇಯ ಗಡಿ ದಾಟಿ ಬೇರೆ ಮೆಮೊರಿಯನ್ನು ಓದುತ್ತದೆ ಅಥವಾ ಕೆಡಿಸುತ್ತದೆ. ಸಿ ಭಾಷೆ ಇದನ್ನು ತಾನಾಗಿ ತಡೆಯುವುದಿಲ್ಲ. ಇಂದು ಸುಮ್ಮನೆ ಓಡಿದ ಪ್ರೋಗ್ರಾಮ್ ನಾಳೆ ಕುಸಿಯಬಹುದು.

2024ರ ಜುಲೈ 19ರಂದು ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನಿಂತುಹೋದದ್ದು ನೆನಪಿದೆಯೇ? ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್-ಇನ್‌ಗೆ ತೊಂದರೆಯಾಯಿತು. ಕಾರಣ ಗಡಿ ದಾಟಿದ ಓದು: ಕ್ರೌಡ್‌ಸ್ಟ್ರೈಕ್‌ನ ತಂತ್ರಾಂಶಕ್ಕೆ 20 ಮೌಲ್ಯಗಳನ್ನು ಕೊಡಲಾಗಿತ್ತು, ಅದು 21ನೆಯದನ್ನು ಓದಲು ಹೋಯಿತು.

ಇಂಥ ತಪ್ಪನ್ನು ಪ್ರೋಗ್ರಾಮ್ ಓಡಿಸದೆಯೇ ಹುಡುಕುವ ವಿಧಾನವೇ ಸ್ಟ್ಯಾಟಿಕ್ ಅನಾಲಿಸಿಸ್. ಇದು ಲೂಪ್‌ನ ಒಂದೊಂದು ಸುತ್ತನ್ನೂ ಓಡಿಸಿ ನೋಡುವುದಿಲ್ಲ. ಲೂಪ್‌ನೊಳಗೆ ಕ್ರಮಸಂಖ್ಯೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ಲೆಕ್ಕ ಹಾಕುತ್ತದೆ. ಸಿಕ್ಕ ವ್ಯಾಪ್ತಿ 0ಯಿಂದ 10, ಅರೇಯದು 0ಯಿಂದ 9. ಒಂದು ಇನ್ನೊಂದರೊಳಗೆ ಹಿಡಿಸುವುದಿಲ್ಲ, ಹಾಗಾಗಿ ಎಚ್ಚರಿಕೆ ಕೊಡುತ್ತದೆ. ಇದರ ಗಣಿತದ ತಳಹದಿಯನ್ನು ಪ್ಯಾಟ್ರಿಕ್ ಕೂಸೋ ಮತ್ತು ರಾಧಿಯಾ ಕೂಸೋ 1977ರಲ್ಲಿ ರೂಪಿಸಿದರು. ಅದನ್ನೇ ಆಧರಿಸಿದ ಆಸ್ಟ್ರೇ ಎಂಬ ಸಾಧನ, ಏರ್‌ಬಸ್ ಎ340 ವಿಮಾನದ ಹಾರಾಟ ನಿಯಂತ್ರಣ ತಂತ್ರಾಂಶದಲ್ಲಿ ಇಂಥ ದೋಷಗಳಿಲ್ಲ ಎಂದು 2003ರಲ್ಲಿ ಸಾಬೀತುಪಡಿಸಿತು. ಆ ಕೋಡ್‌ನಲ್ಲಿ 1,32,000 ಸಾಲುಗಳಿದ್ದವು.

ಹಾಗಾದರೆ ಈ ಸಾಧನವೊಂದಿದ್ದರೆ ಸಾಕೇ? ಸಾಲದು. ಕ್ರಮಸಂಖ್ಯೆ ಬಳಕೆದಾರರಿಂದಲೋ ಹೊರಗಿನ ಕಡತದಿಂದಲೋ ಬಂದರೆ ಅದರ ಬೆಲೆ ಮೊದಲೇ ತಿಳಿಯುವುದಿಲ್ಲ. "ಇಲ್ಲಿ ಗಡಿ ಪರೀಕ್ಷಿಸಿಲ್ಲ" ಎಂದಷ್ಟೇ ಸಾಧನ ಹೇಳಬಲ್ಲದು. ಅತಿ ಎಚ್ಚರಿಕೆಯ ಸಾಧನ ಸರಿಯಿರುವ ಕೋಡನ್ನೂ ಅನುಮಾನಿಸುತ್ತದೆ. ಸಡಿಲವಾದದ್ದು ನಿಜವಾದ ತಪ್ಪನ್ನೇ ಬಿಟ್ಟುಬಿಡುತ್ತದೆ. ಎಲ್ಲ ಪ್ರೋಗ್ರಾಮ್‌ಗಳಿಗೂ ತಪ್ಪದೆ ಉತ್ತರ ಹೇಳುವ ಸಾಧನ ಸಾಧ್ಯವೇ ಇಲ್ಲ ಎಂಬುದೂ ಗಣಿತದಲ್ಲಿ ಸಾಬೀತಾಗಿದೆ.

ಆದ್ದರಿಂದ ಎರರ್ ಬರದ ಕೋಡ್ ಸರಿಯೇ ಇರಬೇಕೆಂದಿಲ್ಲ. ಸಾಧನ ಕೊಟ್ಟ ಎಚ್ಚರಿಕೆಯನ್ನು ತಳ್ಳಿಹಾಕುವ ಮುನ್ನ ಲೂಪ್ ಎಲ್ಲಿ ನಿಲ್ಲುತ್ತದೆ ಎಂದು ಒಮ್ಮೆ ಎಣಿಸಿ ನೋಡಿ. ಹೊರಗಿನಿಂದ ಬಂದ ಸಂಖ್ಯೆಯನ್ನು ಬಳಸುವ ಮುನ್ನ ಗಡಿಯೊಳಗಿದೆಯೇ ಎಂದು ಪರೀಕ್ಷಿಸಿ.