ಅಂಗೈಯಗಲದ ಪುಟಕ್ಕೆ ಕನ್ನಡ ಗದ್ಯ

ಕಾರ್ತಿಕ ಮಾಸದ ಕಡೆಯ ಸೋಮವಾರ ಸಮೀಪಿಸಿತೆಂದರೆ ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ಕುರಿತ ಲೇಖನಗಳ ಸುರಿಮಳೆಯಾಗುತ್ತದೆ. ಅವುಗಳಲ್ಲಿ ಬಹುಪಾಲು ಪ್ರಾರಂಭವಾಗುವುದು ಕೆಂಪೇಗೌಡನಿಂದ. ಅನಂತರ ನಗರದ ಭವ್ಯ ಇತಿಹಾಸ, ಅದರ ಬಳಿಕ ನಾಡಿನ ಸಂಸ್ಕೃತಿಯ ಹಿರಿಮೆ; ಕಡಲೆಕಾಯಿ ಕಾಣಿಸಿಕೊಳ್ಳುವ ವೇಳೆಗೆ ವಾಚಕನು ಅಲ್ಲಿಲ್ಲ! ಆತನ ಕೈಯಲ್ಲಿರುವುದು ಮೊಬೈಲ್ ಫೋನು. ಹೆಬ್ಬೆರಳನ್ನು ಒಮ್ಮೆ ಸರಿಸಿದರೆ ಮತ್ತೊಂದು ಬರೆಹ ಸಿದ್ಧವಾಗಿದೆ. ಪತ್ರಿಕೆಗೆ ಹಣ ತೆತ್ತವನು, ತೆತ್ತ ಕಾಸಿನ ಮಮತೆಯಿಂದಲಾದರೂ ಪುಟವನ್ನು ಮುಗಿಸುತ್ತಾನೆ. ಇವನಿಗೆ ಆ ಹಂಗೂ ಇಲ್ಲ.

ಅವನು ತಿಳಿಯಬಯಸಿದ್ದಾದರೂ ಏನು? ಪರಿಷೆ ಎಂದು? ಬಸವಣ್ಣನಿಗೂ ಕಡಲೆಕಾಯಿಗೂ ಏನು ನಂಟು? ಸುಂಕೇನಹಳ್ಳಿಯ ರೈತರ ಹೊಲಗಳಿಗೆ ನುಗ್ಗಿ ಕಡಲೆಕಾಯಿ ಮೇಯುತ್ತಿದ್ದ ಬಸವನ ಐತಿಹ್ಯದಿಂದಲೇ ಲೇಖನವನ್ನು ಆರಂಭಿಸಬಹುದಲ್ಲವೆ? ಕೆಂಪೇಗೌಡನಿಗೆ ಮೂರನೆಯ ಪ್ಯಾರಾದಲ್ಲಿ ಪೀಠವಿತ್ತರೆ ಅವನ ಗೌರವಕ್ಕೆ ಕುಂದೇನೂ ಇಲ್ಲ.

ವಾಚಕನ ಪ್ರಶ್ನೆಯನ್ನೇ ಬರೆಹದ ಬಾಗಿಲಾಗಿ ಮಾಡಿಕೊಳ್ಳುವ ಈ ವಿದ್ಯೆ ಕನ್ನಡಕ್ಕೆ ಹೊಸದಲ್ಲ. ಬಸವನಗುಡಿಯ ವಿಜಯ ಕಾಲೇಜಿನಲ್ಲಿ ಪಾಠ ಹೇಳಿದ, ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ಪ್ರಧಾನ ಸಂಪಾದಕರಾಗಿ ದುಡಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ವನ್ನು ಪ್ರಾರಂಭಿಸಿದರು. ಅಂಕಣವು 18 ವರ್ಷಗಳಿಗೂ ಮೀರಿ ನಡೆಯಿತು. ಓದುಗರು ಒಂದು ಪದದ ಅರ್ಥವನ್ನೋ ರೂಪವನ್ನೋ ಕೇಳುವರು. ಉತ್ತರವು ಆ ಪದಕ್ಕೇ ಬರುವುದು. ನಿಘಂಟಿನ ಕಣಜವೇ ಕೈಯಲ್ಲಿದ್ದವರು ಕೇಳಿದವನಿಗೆ ಬೇಕಾದಷ್ಟನ್ನು ಅಳೆದು ಕೊಟ್ಟರು. 2021ರಲ್ಲಿ, 107ನೆಯ ವಯಸ್ಸಿನಲ್ಲಿ ತೀರಿಕೊಂಡ ಆ ಹಿರಿಯರು ಪರದೆಗಾಗಿ ಬರೆದವರಲ್ಲ. ಆದರೂ ಪರದೆಗೆ ಬರೆಯಹೊರಟ ತರುಣರಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ದೊರೆಯುವುದು ಕಷ್ಟ.

ನಮ್ಮ ನುಡಿಯ ಜಾಯಮಾನವನ್ನೂ ಇಲ್ಲಿ ಗಮನಿಸಬೇಕು. ಕನ್ನಡ ವಾಕ್ಯದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ಕಡೆಯಲ್ಲಿ ಬರುತ್ತದೆ. ಅಗಲವಾದ ಪುಟದಲ್ಲಿ ಕರ್ತೃವೂ ಕ್ರಿಯೆಯೂ ಒಂದೇ ನೋಟಕ್ಕೆ ಸಿಕ್ಕುತ್ತವೆ. ಅಂಗೈಯಗಲದ ಪರದೆಯಲ್ಲಾದರೋ, ಕರ್ತೃವು ಮೇಲ್ತುದಿಯಲ್ಲಿ ಮರೆಯಾದ ಮೇಲೆ ಕ್ರಿಯಾಪದವು ಕೆಳತುದಿಯಲ್ಲಿ ಮೂಡಿದರೆ ಅವೆರಡರ ಸಮಾಗಮ ಮಾಡಿಸುವವರು ಯಾರು? ಉದ್ದನೆಯ ಸಮಾಸಗಳದೂ ಇದೇ ಕಥೆ. ಒಂದು ಪದವೇ ಸಾಲನ್ನೆಲ್ಲ ಆಕ್ರಮಿಸಿ ಕುಳಿತುಬಿಡುತ್ತದೆ.

ಹಾಗೆಂದು ವಾಕ್ಯಗಳನ್ನು ಹುರಿಗಾಳಿನಂತೆ ಚೆಲ್ಲಿದರಾಯಿತೆಂಬುದೂ ತಪ್ಪು. ಬುಲ್ ಟೆಂಪಲ್ ರಸ್ತೆಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ನೆಲೆಗೊಳಿಸಿದ ಡಿ.ವಿ.ಜಿ. ಅವರು ವೃತ್ತಿಯಿಂದ ಪತ್ರಿಕೋದ್ಯಮಿಗಳು. ಅವರ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ವ್ಯಕ್ತಿಗಳು ಎದ್ದು ನಿಲ್ಲುವುದು ವಿಶೇಷಣಗಳ ಬಲದಿಂದಲ್ಲ, ಅವರಾಡಿದ ಮಾತು, ನಡೆದ ಸಣ್ಣಪುಟ್ಟ ಪ್ರಸಂಗಗಳಿಂದ. ಮುಂದೇನಾಯಿತೆಂಬ ಕುತೂಹಲವಿದ್ದರೆ ದೀರ್ಘ ಲೇಖನವನ್ನೂ ವಾಚಕನು ಮುಗಿಸುತ್ತಾನೆ. ಅದಿಲ್ಲದಿದ್ದರೆ ನೂರು ಪದಗಳೂ ಭಾರವೇ.

ಇನ್ನು ಶೀರ್ಷಿಕೆ. ಕಡಲೆಕಾಯಿಯ ಲೇಖನಕ್ಕೆ ‘ಮಣ್ಣಿನ ಮುತ್ತು’ ಎಂದು ಹೆಸರಿಡುವುದು ಚೆಲುವೇ ಸರಿ. ಆದರೆ ಹುಡುಕುವವನು ಬೆರಳಚ್ಚಿಸುವುದು ‘ಕಡಲೆಕಾಯಿ ಪರಿಷೆ’ ಎಂದು, ಕೆಲವರು ‘ಕಳ್ಳೇಕಾಯಿ’ ಎಂದು. ಈ ಮಾತುಗಳು ಲೇಖನದಲ್ಲೆಲ್ಲೂ ಇಲ್ಲವಾದರೆ ಅದು ಅವನ ಕಣ್ಣಿಗೆ ಬೀಳುವ ಬಗೆ ಹೇಗೆ? ಲಿಪಿಯ ತೊಡಕೂ ಒಂದಿತ್ತು. ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿಯೇ, ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಬಹುಕಾಲ ಬೇರೆ ಬೇರೆ ಫಾಂಟುಗಳಲ್ಲಿ ಬೆರಳಚ್ಚು ನಡೆಯಿತು. ಮನುಷ್ಯನ ಕಣ್ಣಿಗೆ ಅವು ಕನ್ನಡ. ಯಂತ್ರದ ಕಣ್ಣಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಎಷ್ಟೋ ಒಳ್ಳೆಯ ಬರೆಹಗಳು ಹಾಗೆ ಹುಡುಕಾಟಕ್ಕೆ ಸಿಗದೆ ಉಳಿದುವು.

ದಿನಾಂಕದ ವಿಷಯದಲ್ಲಿ ಹೊಸ ಲೇಖಕರ ಉದಾಸೀನ ಅಷ್ಟಿಷ್ಟಲ್ಲ. ‘ನಾಳೆ ಪರಿಷೆ’ ಎಂದು ಅಚ್ಚಾದ ಕಾಗದವು ಮರುದಿನ ಅದೇ ಪರಿಷೆಯಲ್ಲಿ ಕಡಲೆಕಾಯಿಯ ಪೊಟ್ಟಣವಾಗುತ್ತಿತ್ತು. ‘ನಾಳೆ’ಯ ಆಯುಷ್ಯ ಅಲ್ಲಿಗೆ ತೀರುತ್ತಿತ್ತು. ಪರದೆಯ ‘ನಾಳೆ’ಗೆ ಸಾವಿಲ್ಲ. ಇಸವಿಯಿಲ್ಲದ ಆ ಮಾತನ್ನು ಮೂರು ವರ್ಷಗಳ ಬಳಿಕ ನಂಬಿ, ಮಕ್ಕಳ ಕೈಹಿಡಿದು ಬುಲ್ ಟೆಂಪಲ್ ರಸ್ತೆಯಲ್ಲಿ ಬಂದಿಳಿದವನಿಗೆ ಕಾಣಸಿಗುವುದು ವಾಹನಗಳ ಸಾಲು ಮಾತ್ರ.