ಆರನೇ ವರ್ಷದ ದವಡೆ ಹಲ್ಲು

ಹಸು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡದೆ ಯಾರೂ ಮುಂಗಡ ಕೊಡುವುದಿಲ್ಲ. ಮಗುವಿಗೆ ಆರು ವರ್ಷವಾದಾಗ ಅದರ ಬಾಯಿಯನ್ನೂ ಒಮ್ಮೆ ಬೆಳಕಿನಲ್ಲಿ ನೋಡಿ. ಆ ವಯಸ್ಸಿನ ಆಸುಪಾಸಿನಲ್ಲಿ ಹಾಲುಹಲ್ಲಿನ ಸಾಲಿನ ಹಿಂದೆ, ಮೇಲೆರಡು ಕೆಳಗೆರಡು, ಹೊಸ ದವಡೆ ಹಲ್ಲು ಬರುತ್ತವೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಇವನ್ನೂ ಹಾಲುಹಲ್ಲೆಂದೇ ತಿಳಿದು, ಹಾಳಾದರೆ ಬಿದ್ದು ಹೊಸದು ಬರುತ್ತದೆ ಎಂದು ಸುಮ್ಮನಿರುವವರು ಬಹಳ. ಹೊಸದು ಬರುವುದಿಲ್ಲ.

ಕೆಲವು ಮಕ್ಕಳಲ್ಲಿ ಈ ಹಲ್ಲಿನ ಮೇಲ್ಪದರ, ಅಂದರೆ ಎನಾಮಲ್, ಹುಟ್ಟುವಾಗಲೇ ಮೆದುವಾಗಿರುತ್ತದೆ. ಬಿಳಿ, ಹಳದಿ ಅಥವಾ ಕಂದು ಮಚ್ಚೆ ಎದ್ದು ಕಾಣುತ್ತದೆ. ಮುಂದಿನ ಬಾಚಿ ಹಲ್ಲಿನಲ್ಲೂ ಇರಬಹುದು. ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ನೋವಿಗೆ ಹೆದರಿ ಮಗು ಆ ಕಡೆ ಬ್ರಷ್ ತಾಗಿಸಲು ಬಿಡುವುದಿಲ್ಲ, ಹುಳುಕು ಅಲ್ಲೇ ಶುರುವಾಗುತ್ತದೆ. ಅಗಿಯುವ ಭಾರಕ್ಕೆ ಚೂರು ಚೂರಾಗಿ ಏಳುತ್ತದೆ.

ಈ ಎನಾಮಲ್ ತಯಾರಾಗುವುದು ಹುಟ್ಟಿನಿಂದ ಸುಮಾರು ಮೂರು ವರ್ಷದೊಳಗೆ, ದವಡೆಯ ಒಳಗೆ. ಆಗ ಬಂದ ಜ್ವರ, ಕಾಯಿಲೆಗಳಿಗೂ ಇದಕ್ಕೂ ನಂಟಿದೆ ಎನ್ನುತ್ತಾರೆ ದಂತವೈದ್ಯರು. 'ಹಾಲೆಲ್ಲ ಡೈರಿಗೆ ಹಾಕಿದಳು, ಮಗುವಿನ ಹಲ್ಲು ಹೀಗಾಯಿತು' ಎಂದು ಮನೆಯಲ್ಲಿ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಹಾಗೆಯೇ, ಈಗ ಎರಡು ಲೋಟ ಹೆಚ್ಚು ಹಾಲು ಕುಡಿಸಿಯೋ ಕ್ಯಾಲ್ಸಿಯಂ ಮಾತ್ರೆ ಕೊಟ್ಟೋ ಅದನ್ನು ಸರಿಮಾಡಲೂ ಆಗದು. ಮುರಿದ ಮೂಳೆ ಕೂಡುತ್ತದೆ. ಎದ್ದುಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಬೇಕು.

ದಿನಕ್ಕೆ ಎರಡು ಸಲ ಫ್ಲೋರೈಡ್ ಇರುವ ಪೇಸ್ಟಿನಿಂದ ನೀವೇ ಉಜ್ಜಿ. ಟ್ಯೂಬಿನ ಮೇಲೆ 1000 ಪಿಪಿಎಂ ಅಥವಾ ಹೆಚ್ಚು ಎಂದಿರಲಿ, ಬಟಾಣಿ ಕಾಳಿನಷ್ಟು ಸಾಕು. ನೊರೆ ಉಗುಳಿಸಿ, ಬಾಯಿ ಮುಕ್ಕಳಿಸಲು ಬಿಡಬೇಡಿ; ಹಲ್ಲಿನ ಮೇಲೆ ಉಳಿದ ಪೇಸ್ಟೇ ಔಷಧಿ. ಜುಮ್ಮೆಂದರೆ ಬ್ರಷ್ಷನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿಕೊಳ್ಳಿ. ಬೆಳಗಿನ ಕರಾವಿನ ಗಡಿಬಿಡಿಯಲ್ಲಿ ಅರೆಬರೆಯಾದರೂ ರಾತ್ರಿಯದು ತಪ್ಪಬಾರದು. ಸಕ್ಕರೆ ಹಾಕಿದ ಹಾಲನ್ನು ಉಜ್ಜುವ ಮೊದಲೇ ಕುಡಿಸಿ, ಆಮೇಲೆ ನೀರು ಮಾತ್ರ. ಇದ್ದಿಲು, ಬೂದಿ, ಇಟ್ಟಿಗೆ ಪುಡಿ ಈ ಹಲ್ಲಿಗೆ ಉಜ್ಜುಕಾಗದವಿದ್ದಂತೆ.

ಮಚ್ಚೆ ಕಂಡ ಕೂಡಲೇ, ನೋವಿಗೆ ಕಾಯದೆ, ದಂತವೈದ್ಯರ ಬಳಿ ಹೋಗಿ. ಕೆಲವು ತಿಂಗಳಿಗೊಮ್ಮೆ ಫ್ಲೋರೈಡ್ ವಾರ್ನಿಷ್ ಬಳಿಯುತ್ತಾರೆ, ಹಲ್ಲಿನ ಗೀರುಗಳನ್ನು ಸೀಲೆಂಟಿನಿಂದ ಮುಚ್ಚುತ್ತಾರೆ. ಹೆಚ್ಚು ಮುರಿದಿದ್ದರೆ ಸ್ಟೀಲ್ ಟೋಪಿ ಕೂರಿಸುತ್ತಾರೆ. ನೋಡಲು ಚೆಂದವಿಲ್ಲದಿದ್ದರೂ ಹಲ್ಲು ಉಳಿಯುತ್ತದೆ. ಕೆಲವರಿಗೆ ಹಚ್ಚಲು ಕ್ರೀಮ್ ಬರೆದುಕೊಡುತ್ತಾರೆ. ಅಂಥ ಒಂದು ಕ್ರೀಮ್ ತಯಾರಾಗುವುದು ಹಾಲಿನ ಕೇಸಿನ್‌ನಿಂದಲೇ. ಹಾಲಿನ ಅಲರ್ಜಿ ಇರುವ ಮಗುವಾದರೆ ಮೊದಲೇ ಹೇಳಿಬಿಡಿ.

ಪಾವಗಡದಂತೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲೂ ಹಲ್ಲಿಗೆ ಮಚ್ಚೆ ಬರುತ್ತದೆ. ಅದು ಸಾಮಾನ್ಯವಾಗಿ ಒಂದೆರಡಕ್ಕಲ್ಲ, ಎರಡೂ ಬದಿಯ ಹಲವು ಹಲ್ಲುಗಳಿಗೆ. ಅಂಥ ಊರಿನವರು ಯಾವ ನೀರು ಕುಡಿಯುತ್ತೀರಿ ಎಂಬುದನ್ನು ವೈದ್ಯರಿಗೆ ತಿಳಿಸಿ, ಪೇಸ್ಟ್ ಯಾವುದೆಂದು ಅವರನ್ನೇ ಕೇಳಿ.